ಅಕ್ಕ ಹೊರಗೇ ನಿಂತಳು

ನಮ್ಮ ಮನೆಯ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂತಾಗ ಅವರಿಗೆ ಊಟ ಕೊಂಡೊಯ್ಯುವ ಕೆಲಸ ನನ್ನದಾಗಿತ್ತು. ನನಗಿನ್ನೂ ಮುಂಜಿಯಾಗಿರಲಿಲ್ಲ, ಆದ್ದರಿಂದ ನನಗೆ ಮೈಲಿಗೆ ಅಂಟುವುದಿಲ್ಲ ಎಂದು ಅಜ್ಜಿ ತೀರ್ಮಾನಿಸಿದ್ದಳು. ಆದರೂ ಎಚ್ಚರಿಕೆಗೆ ಇರಲಿ ಅಂತ ಸೊಂಟಕ್ಕೊಂದು ಹಳೆಯ ಉಣ್ಣೆಯ ತುಂಡು ಸುತ್ತಿ ಕಳಿಸುತ್ತಿದ್ದಳು. ಉಣ್ಣೆಗೆ ಮೈಲಿಗೆ ಇಲ್ಲ. ಮಧುಗಿರಿಯಲ್ಲಿ ಬೆಟ್ಟದ ಬುಡದ ಓಣಿಯೊಳಗೆ ನಮ್ಮದು ರೈಲು ಡಬ್ಬಿಯಂಥ ಉದ್ದನೆಯ ಮನೆ. ಬೀದಿಗೆ ಜಗಲಿ, ಆಮೇಲೆ ಪಡಸಾಲೆ, ಕಿಟಕಿಯೇ ಇಲ್ಲದ ನಡುಮನೆ, ಅದರ ಬಲಕ್ಕೆ ದೇವರ ಕೋಣೆ, ಹಿಂದೆ ಅಡಿಗೆಮನೆ, ಅದನ್ನು ದಾಟಿದರೆ ಬಾವಿ ಇದ್ದ ಹಿತ್ತಲು. ಹಿತ್ತಲಿನ ಮೂಲೆಯಲ್ಲಿ, ಸೌದೆ ಒಟ್ಟಿದ ಗೋಡೆಗೆ ತಗಡು ಇಳಿಬಿಟ್ಟು ಮಾಡಿದ ಒಂದು ಗೂಡು. ಅದಕ್ಕೆ ಹೊರಗಿನ ಕೋಣೆ ಅನ್ನುತ್ತಿದ್ದೆವು. ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಬೇಸಿಗೆಯಲ್ಲಿ ಬೆಟ್ಟದ ಬಂಡೆಯ ಕಾವೆಲ್ಲ ಸಂಜೆಯವರೆಗೂ ಆ ತಗಡಿನ ಮೇಲೆ ಇಳಿಯುತ್ತಿತ್ತು. ಒಳಗಿನವರು ಹೊರಗೆ ಕೂತವರಿಗೆ ಏನು ಹೇಳಬೇಕಾದರೂ ನನ್ನ ಬಾಯಿಂದಲೇ ಹೋಗಬೇಕು, ಅಲ್ಲಿಂದ ಏನು ಬರಬೇಕಾದರೂ ನಾನೇ ತರಬೇಕು. ಎಂಟು ವರ್ಷದವನಿಗೆ ಅದು ಸಣ್ಣ ಅಧಿಕಾರವಲ್ಲ. ನಾನು ತಟ್ಟೆಯಲ್ಲಿದ್ದ ಹಪ್ಪಳವನ್ನು ದಾರಿಯಲ್ಲೇ ತಿನ್ನುತ್ತಿದ್ದೆ. ತಟ್ಟೆಯನ್ನು ಕೈಗೆ ಎಟುಕದಷ್ಟು ದೂರದಲ್ಲಿಟ್ಟು ಅವರು ಏನು ಮಾಡುತ್ತಾರೆ ಅಂತ ನೋಡುತ್ತಿದ್ದೆ. ಅಮ್ಮ ಎದ್ದು ಬಂದು ತೆಗೆದುಕೊಳ್ಳುತ್ತಿದ್ದಳು. ಅಕ್ಕ ಮಾತ್ರ ನಗುತ್ತಿದ್ದಳು.

"ಏನು ತಹಶೀಲ್ದಾರ್ರೇ, ಇವತ್ತು ಎಷ್ಟು ಹಪ್ಪಳ ಕಂದಾಯ ಹಿಡಿದ್ರಿ?"

ಅಕ್ಕ ಸಾವಿತ್ರಿ ನನಗಿಂತ ಎಂಟು ವರ್ಷ ದೊಡ್ಡವಳು. ಒಂದು ಸಲ ನೋಡಿದರೆ ಸಾಕು, ಓಣಿಯ ಯಾರ ನಡಿಗೆಯನ್ನು ಬೇಕಾದರೂ ಹಾಗೇ ನಡೆದು ತೋರಿಸುತ್ತಿದ್ದಳು. ಅಜ್ಜಿಯದನ್ನೂ ತೋರಿಸುತ್ತಿದ್ದಳು, ಅಜ್ಜಿ ಬೆನ್ನು ತಿರುಗಿಸಿದಾಗ. ಅಪ್ಪ ಮದುವೆ, ತಿಥಿಗಳಿಗೆ ಅಡಿಗೆ ಮಾಡುವವನು, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ಮನೆ ಅಜ್ಜಿಯದು. ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಮಡಿ ಹೆಂಗಸು ಅವಳು, ಒಂದು ಹೊತ್ತಿನ ಊಟ, ಯಾರ ನೆರಳೂ ಬೀಳಬಾರದು. ಅಮ್ಮ ನನ್ನ ನಂತರ ಎರಡು ಮಕ್ಕಳನ್ನು ಹೆತ್ತು, ವರ್ಷ ತುಂಬುವ ಮೊದಲೇ ಕಳೆದುಕೊಂಡಿದ್ದಳು. ಮೂರನೆಯದು ಗಂಡು. ಅದು ಉಳಿದು ಏಳು ತಿಂಗಳಾಗಿತ್ತು. ಹೆಸರಿಟ್ಟಿದ್ದರೂ ಎಲ್ಲರಿಗೂ ಅದು ಪಾಪು. ಪಾಪು ಉಳಿಯಲಿ ಅಂತ ಅಜ್ಜಿ ನಲವತ್ತೆಂಟು ದಿನ ಆರದ ದೀಪದ ಹರಕೆ ಹೊತ್ತಳು. ದೇವರ ಕೋಣೆಯ ಹೊಸ್ತಿಲ ಒಳಮಗ್ಗುಲಲ್ಲಿ ಒಂದು ಮಣೆ, ಅದರ ಮೇಲೆ ಹಿತ್ತಾಳೆ ದೀಪ. ಅದಕ್ಕೆ ಎಣ್ಣೆ ಹಾಕಲು ಅವಳು ಸರಿರಾತ್ರಿಯಲ್ಲೂ ಏಳುತ್ತಿದ್ದಳು. ಮಗುವಿನ ತೊಟ್ಟಿಲು ನಡುಮನೆಯಲ್ಲಿ, ಆ ಹೊಸ್ತಿಲಿಗೆ ಎರಡು ಮೊಳ ದೂರದಲ್ಲಿ ತೂಗುತ್ತಿತ್ತು, ದೀಪದ ಬೆಳಕು ಮಗುವಿನ ಮೇಲೆ ಬೀಳಲಿ ಅಂತ. ಪಾಪುವಿನ ಮೇಲೆ ನನಗೆ ದ್ವೇಷವಿರಲಿಲ್ಲ. ಇದ್ದಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಅದು ಚಳಿಗಾಲ. ಅಕ್ಕ ಹೊರಗೆ ಕೂತು ಎರಡನೇ ದಿನ. ಮಧ್ಯಾಹ್ನ ಊಟವಾಗಿ ಅಜ್ಜಿ ಪಡಸಾಲೆಯಲ್ಲಿ ಮಲಗಿದ್ದಳು, ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ನನ್ನನ್ನು ನಡುಮನೆಯ ಕಂಬದ ಹತ್ತಿರ ಮಲಗಿಸಿದ್ದರು. ನಾನು ಎದ್ದು ದೇವರ ಕೋಣೆಗೆ ಹೋದೆ. ನೈವೇದ್ಯಕ್ಕೆಂದು ಡಬ್ಬಿಯಲ್ಲಿ ದ್ರಾಕ್ಷಿ, ಕಲ್ಲುಸಕ್ಕರೆ ಇದ್ದವು. ಬಾಯಿ ತುಂಬಿಕೊಂಡು ಕೂತಿದ್ದಾಗ ಪಾಪು ಅಳಲು ಶುರು ಮಾಡಿತು. ಮಾಮೂಲಿನ ಅಳು ಅಲ್ಲ, ನರಳಿದ ಹಾಗೆ. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆಯಿಂದ ಬಳೆಯ ಸದ್ದಾಯಿತು. ಅಕ್ಕ. ಒಳಗೆ ಬರಬಾರದವಳು ಬಂದಳು. ಅರೆಗತ್ತಲಲ್ಲಿ ತೊಟ್ಟಿಲ ಹತ್ತಿರ ನಿಂತು ಮಗುವನ್ನು ಎತ್ತಿಕೊಂಡಳು, ಏನೋ ಗುನುಗಿದಳು. "ಅಯ್ಯೋ, ಸುಡ್ತಿದೀಯಲ್ಲೋ ರಾಜ," ಅಂದದ್ದು ನನಗೆ ಕೇಳಿಸಿತು. ಅವಳ ಕಣ್ಣಿಗೆ ಬೀಳಬಾರದೆಂದು ನಾನು ಗೋಡೆಗೆ ಸರಿದೆ. ಅವಳು ಮಗುವನ್ನು ಮಲಗಿಸಿ ತಿರುಗಿದಳು, ಅವಳ ದಾವಣಿಯ ಸೆರಗು ಹೊಸ್ತಿಲ ಹತ್ತಿರ ಬೀಸಿತು, ಅವಳು ಹೊರಟುಹೋದಳು. ಅವಳು ಹೋದ ಮೇಲೆ ಎದ್ದೇಳುವಾಗ ನನ್ನ ಮೊಣಕೈ ತಗುಲಿ ದೀಪ ಉರುಳಿತು. ಎಣ್ಣೆ ಮಣೆಯ ಮೇಲೆ ಹರಿದು ಕೋಣೆ ಕತ್ತಲಾಯಿತು. ಅವತ್ತಿಗೆ ಹರಕೆಯ ಮೂವತ್ತೊಂದನೇ ದಿನ.

ನಾನು ಕಂಬದ ಹತ್ತಿರ ಹೋಗಿ ಕಣ್ಣು ಮುಚ್ಚಿ ಮಲಗಿದೆ. ಅಜ್ಜಿ ಎದ್ದು ಎಣ್ಣೆ ಹಾಕಲು ಬಂದವಳು ಕೂಗಲೂ ಇಲ್ಲ. ನನ್ನ ಕಿವಿ ಹಿಡಿದು ಎಬ್ಬಿಸಿ ಮೆಲ್ಲಗೆ ಕೇಳಿದಳು.

"ಯಾರು ಬಂದಿದ್ರು ಒಳಗೆ?"

"ಅಕ್ಕ," ಅಂದೆ. "ಪಾಪು ಅಳ್ತಿತ್ತು ಅಂತ ಬಂದ್ಲು. ಸೆರಗು ತಾಗಿ ದೀಪ ಬಿತ್ತು."

ಅರ್ಧ ನಿಜವಾದ ಸುಳ್ಳು ಇಡೀ ಸುಳ್ಳಿಗಿಂತ ಗಟ್ಟಿ ಅಂತ ನನಗೆ ಯಾರೂ ಕಲಿಸಿರಲಿಲ್ಲ, ಅದು ತಾನಾಗಿ ಬಂತು. ಅಕ್ಕನನ್ನು ಹಿತ್ತಲ ಬಾಗಿಲಿಗೆ ಕರೆದರು. ಬಂದದ್ದು ಹೌದು, ಮಗುವನ್ನು ಎತ್ತಿದ್ದು ಹೌದು ಅಂದಳು. ದೀಪದ ಮಾತು ಬಂದಾಗ ಅವಳ ಮುಖ ಬಿಳಿಚಿಕೊಂಡಿತು. ತನ್ನ ಸೆರಗನ್ನು ಕೈಯಲ್ಲಿ ಹಿಡಿದು ನೋಡಿಕೊಂಡಳು. ತಾಗಿಲ್ಲ ಅನ್ನಲು ಅವಳಿಗೆ ಖಾತ್ರಿಯಿರಲಿಲ್ಲ. ಮಗುವಿಗೆ ಮೈ ಸುಡುತ್ತಿದೆ, ಡಾಕ್ಟರನ್ನು ಕರೆಸಿ ಅಂದಳು. ನೀನು ಮುಟ್ಟಿದ್ದಕ್ಕೇ ಸುಡುತ್ತಿದೆ ಅಂದಳು ಅಜ್ಜಿ. ಹೊರಗಾದವಳು ಮುಟ್ಟಿದ ಮಗುವಿಗೆ ಸ್ನಾನವಾಗಬೇಕು. ಎದೆಹಾಲಿನ ಮಗುವಿಗೆ ಮೈಲಿಗೆ ಇಲ್ಲವಲ್ಲ ಅಂತ ಅಮ್ಮ ಮೆಲ್ಲಗೆ ಅಂದಳು. ಅಜ್ಜಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಬಾವಿಯಿಂದ ಆಗತಾನೆ ಸೇದಿದ ನೀರು, ಕಾಯಿಸಿದ್ದಲ್ಲ. ಮೂರು ಚೊಂಬು ತಲೆಯ ಮೇಲೆ ಸುರಿದರು. ಮೊದಲನೆಯದಕ್ಕೆ ಪಾಪು ಕಿರುಚಿತು, ಎರಡನೆಯದಕ್ಕೆ ಉಸಿರು ಹಿಡಿಯಿತು, ಮೂರನೆಯದಕ್ಕೆ ಸುಮ್ಮನಾಯಿತು. ಅಕ್ಕ ಬಾವಿಕಟ್ಟೆಯ ಆಚೆ ನಿಂತು ನೋಡುತ್ತಿದ್ದಳು. ನಾನು ಅಜ್ಜಿಯ ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದೆ. ಅವತ್ತು ರಾತ್ರಿಯಿಂದ ಮಗುವಿಗೆ ಗೊರಗೊರ ಉಸಿರು. ನಾಲ್ಕನೇ ದಿನ ಬೆಳಿಗ್ಗೆ ತೀರಿಕೊಂಡಿತು.

ಅಪ್ಪ ಬಂದ. ಹೊಡೆಯಲಿಲ್ಲ, ಬಯ್ಯಲಿಲ್ಲ. ಆ ದಿನದಿಂದ ಸಾಯುವವರೆಗೆ ಅಕ್ಕನ ಜೊತೆ ಅವನು ನೇರವಾಗಿ ಮಾತಾಡಲೇ ಇಲ್ಲ. ಅವಳಿಗೆ ಹೇಳು ಅಂತ ನನ್ನ ಕಡೆ ನೋಡುತ್ತಿದ್ದ, ಅವಳು ನಾಲ್ಕು ಅಡಿ ದೂರದಲ್ಲಿ ನಿಂತಿದ್ದರೂ. ಅಕ್ಕ ತಾನಾಗಿಯೇ ಚಾಪೆಯನ್ನು ಹೊರಗಿನ ಕೋಣೆಯಲ್ಲಿ ಖಾಯಂ ಹಾಸಿಕೊಂಡಳು. ಅಡಿಗೆಮನೆಯವರೆಗೆ ಬರುತ್ತಿದ್ದಳು, ದೇವರ ಕೋಣೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲೂ ಇಲ್ಲ. ಓಣಿಯವರಿಗೆ ಮಗು ಜ್ವರದಿಂದ ಹೋಯಿತು ಅಂತ ಮಾತ್ರ ಗೊತ್ತಿತ್ತು. ಮರ್ಯಾದೆಗಾಗಿ ಅಜ್ಜಿ ಉಳಿದದ್ದನ್ನು ಮುಚ್ಚಿಟ್ಟಳು. ನಾನೂ ಯಾರಿಗೂ ಹೇಳಬಾರದೆಂದು ದೇವರ ಮುಂದೆ ಆಣೆ ಮಾಡಿಸಿದಳು. ಆ ಆಣೆಯನ್ನು ನಾನು ಆಟ ಮಾಡಿಕೊಂಡೆ. ಅಕ್ಕನಿಂದ ಏನಾದರೂ ಬೇಕಾದಾಗ ಅವಳ ಹತ್ತಿರ ಹೋಗಿ "ದೀಪ" ಅನ್ನುತ್ತಿದ್ದೆ. ಅಷ್ಟೇ, ಒಂದು ಮಾತು. ಅವಳು ತನ್ನ ಪಾಲಿನ ಕಡಲೆಮಿಠಾಯಿ ಕೊಡುತ್ತಿದ್ದಳು, ನನ್ನ ಕಾಪಿ ಬರೆದುಕೊಡುತ್ತಿದ್ದಳು, ನನ್ನ ಸರದಿಯ ನೀರು ಸೇದುತ್ತಿದ್ದಳು. ಒಂದು ಸಲ ಅವಳು ಉಣ್ಣುತ್ತಿದ್ದಾಗ ಸುಮ್ಮನೆ ಅಂದೆ, ಏನೂ ಬೇಕಿರಲಿಲ್ಲ, ಏನು ಮಾಡುತ್ತಾಳೆ ನೋಡೋಣ ಅಂತ. ಅವಳು ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆದುಕೊಂಡಳು. ಆಮೇಲೆ ಯಾರನ್ನೂ ಅಣಕಿಸಿ ನಡೆದು ತೋರಿಸಲಿಲ್ಲ ಅವಳು. ನನ್ನನ್ನು ತಹಶೀಲ್ದಾರ ಅಂತ ಕರೆಯಲೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ನಾಲ್ಕು ವರ್ಷದ ಮೇಲೆ ನಡೆಯಿತು. ಗೌರಿಬಿದನೂರಿನಿಂದ ಒಂದು ಗಂಡು ನೋಡಲು ಬಂದಿತ್ತು. ಶಾಲೆಯ ಮೇಷ್ಟ್ರು, ಒಳ್ಳೆಯ ಮನೆ. ಅವರಿಗೆ ಅಕ್ಕ ಒಪ್ಪಿಗೆಯಾದಳು. ಹಾಡು ಹೇಳು ಅಂದಾಗ ಹಾಡಿದಳು, ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ. ಅವಳು ಹೊರಟುಹೋದರೆ ನನ್ನ ಕೆಲಸ ಯಾರು ಮಾಡುತ್ತಾರೆ ಅನ್ನುವುದಷ್ಟೇ ನನಗೆ ಹೊಳೆದದ್ದು. ಗಂಡಿನ ತಮ್ಮ ಜಗಲಿಯ ಮೇಲೆ ನನ್ನ ಪಕ್ಕ ಕೂತಿದ್ದ. ನಮ್ಮಕ್ಕ ಹೊರಗಾದಾಗ ದೇವರ ದೀಪ ಕೆಡವಿದಳು, ತಮ್ಮ ಸತ್ತುಹೋದ, ಅಂತ ಅವನ ಕಿವಿಯಲ್ಲಿ ಹೇಳಿದೆ. ವಾರದೊಳಗೆ ಜಾತಕ ಕೂಡಲಿಲ್ಲ ಅಂತ ಕಾಗದ ಬಂತು. ಮಾತು ಹೇಗೆ ಹೋಯಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮತ್ತೆ ಯಾರೂ ನೋಡಲು ಬರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಅಪ್ಪನ ಹಿಂದೆ ಸೌಟು ಹಿಡಿದೆ. ಮೈಸೂರಿನ ಡಾಕ್ಟರೊಬ್ಬರು ಲಾಸ್ ಏಂಜಲೀಸಿನ ಹತ್ತಿರ ವಾಲ್‌ನಟ್ ಅನ್ನುವ ಊರಲ್ಲಿದ್ದರು, ಅವರ ಮನೆಗೆ ಅಡಿಗೆಯವನಾಗಿ ಈ ದೇಶಕ್ಕೆ ಬಂದೆ. ಆಮೇಲೆ ಎಲ್ ಸೆಗುಂಡೋದಲ್ಲಿ ಒಂದು ಆಫೀಸಿನ ಕ್ಯಾಂಟೀನ್ ಸೇರಿದೆ, ರಿಟೈರ್ ಆಗುವವರೆಗೆ ಅಲ್ಲೇ ಇದ್ದೆ. ಮಗಳು ಸುಧಾಗೆ ನಾಲ್ಕು ವರ್ಷವಾಗಿದ್ದಾಗ ಹೆಂಡತಿ ತೀರಿಕೊಂಡಳು. ಆಗ ವೀಸಾಕ್ಕೆ ಪೇಪರ್ಸ್ ಹಾಕಿ ಅಕ್ಕನನ್ನು ಕರೆಸಿಕೊಂಡೆ. ಊರಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ, ಅದಕ್ಕೆ ಕರೆಸಿದೆ ಅಂತ ಎಲ್ಲರಿಗೂ ಹೇಳಿದೆ. ನನಗೆ ಮಗು ನೋಡಿಕೊಳ್ಳುವವರು ಬೇಕಿತ್ತು. ಸುಧಾಳನ್ನು ಬೆಳೆಸಿದ್ದು ಅವಳೇ. ಈಗ ಸುಧಾ ಸ್ಯಾನ್ ಡಿಯೇಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ ಮಾಡಿದ್ದಾಳೆ, ನಾವಿಬ್ಬರು ಮುದುಕರೂ ಅವಳ ಜೊತೆಗಿದ್ದೇವೆ. ಅಕ್ಕ ಇಲ್ಲಿಯೂ ಯಾವ ದೇವಸ್ಥಾನದ ಒಳಗೂ ಹೋದವಳಲ್ಲ. ನಮ್ಮ ಕನ್ನಡದವರ ಜೊತೆ ಹೋದಾಗ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾಳೆ. ಆಂಟಿ ಎಷ್ಟು ದೊಡ್ಡ ಮನಸ್ಸಿನವರು, ಎಲ್ಲರ ಚಪ್ಪಲಿ ಕಾಯುತ್ತಾರೆ ಅಂತ ಹೆಂಗಸರು ಹೊಗಳುತ್ತಾರೆ. ಕೋವಿಡ್ ಬಂದ ವರ್ಷ ಎಲ್ಲರೂ ಆರಡಿ ದೂರ, ಕೈ ತೊಳಿ, ಮುಟ್ಟಬೇಡ ಅಂತ ಒದ್ದಾಡುತ್ತಿದ್ದಾಗ ಮನೆಯಲ್ಲಿ ಒಂದು ದಿನಕ್ಕೂ ತಪ್ಪು ಮಾಡದವಳು ಅಕ್ಕ ಒಬ್ಬಳೇ. ನನಗೆ ಅಂಟಿದಾಗ ನನ್ನನ್ನು ಮಹಡಿಯ ಕೋಣೆಯಲ್ಲಿ ಹಾಕಿದರು. ಅಕ್ಕ ಬಾಗಿಲಲ್ಲಿ ತಟ್ಟೆಯಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನಾಣಿ, ಊಟ ಅನ್ನುತ್ತಿದ್ದಳು. ಹಪ್ಪಳ ಇಟ್ಟಿರುತ್ತಿದ್ದಳು. ಉಸಿರು ಸಿಕ್ಕದ ಒಂದು ದಿನ, ಸತ್ತೇ ಹೋಗುತ್ತೇನೆ, ಬಾಗಿಲ ಈಚೆಯಿಂದಲೇ ಹೇಳಿಬಿಡೋಣ ಅಂದುಕೊಂಡೆ. ಮಾರನೆಯ ದಿನ ಜ್ವರ ಇಳಿಯಿತು. ನಾನು ಸುಮ್ಮನಾದೆ.

ಅದಾಗಿ ಎರಡು ವರ್ಷಕ್ಕೆ ಮೊಮ್ಮಗಳು ಮಾಯಾಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಸುತ್ತಮುತ್ತಲಿನ ಯಾವುದಾದರೂ ಹಳೆಯ ಜಾಗಕ್ಕೆ ಹೋಗಿ ಅಲ್ಲಿಯವರನ್ನು ಮಾತಾಡಿಸಿ ಬರೆಯಬೇಕು. ಅವಳ ಗೆಳತಿಯ ತಾತ ಹೆನ್ರಿ ಅನ್ನುವವರು ಒಳನಾಡಿನ ಗುಡ್ಡಗಳಲ್ಲಿ ಆವಕಾಡೊ ತೋಟ ಇಟ್ಟುಕೊಂಡಿದ್ದರು, ತೋಟದಲ್ಲಿ ಜಪಾನಿನಿಂದ ಬಂದ ಅವರ ಅಜ್ಜ ತಮ್ಮ ಕಡೆಯ ದೇವರಿಗೆ ಕಟ್ಟಿದ ಶಿಂಟೋ ದೇಗುಲವಿತ್ತು. ಮಾಯಾಗೆ ಆಗತಾನೆ ಲೈಸೆನ್ಸ್ ಬಂದಿತ್ತು. ಒಬ್ಬಳನ್ನೇ ಕಳಿಸಲು ಸುಧಾ ಒಪ್ಪಲಿಲ್ಲ, ಅಕ್ಕ, ನಾನು ಇಬ್ಬರೂ ಅವಳ ಜೊತೆ ಕಾರಿನಲ್ಲಿ ಕೂತೆವು. ಫ್ರೀವೇ ಬಿಟ್ಟು, ನರ್ಸರಿಗಳ ಬಿಳಿ ಗುಡಾರಗಳನ್ನು ದಾಟಿ, ಮಣ್ಣುದಾರಿ ಹತ್ತಿದರೆ ಒಣ ಗುಡ್ಡದ ನೆತ್ತಿಯಲ್ಲಿ ನಾಲ್ಕು ಪೈನ್ ಮರ. ದೇಗುಲ ಅಂದರೆ ನಮ್ಮ ಗರಾಜಿನ ಅರ್ಧದಷ್ಟೂ ಇಲ್ಲದ ಮರದ ಗುಡಿ. ಅದರ ಮುಂದೆ ಎರಡು ಕಂಬ, ಮೇಲೆ ಎರಡು ಅಡ್ಡಪಟ್ಟಿಯ ದ್ವಾರ, ಬಣ್ಣ ಹೋಗಿ ಬೂದಿಯಾಗಿತ್ತು. ಬಾಗಿಲಿಲ್ಲ, ಗೋಡೆಯಿಲ್ಲ, ಪಕ್ಕದಿಂದ ಯಾರು ಬೇಕಾದರೂ ನಡೆದು ಹೋಗಬಹುದು. ಒಳಗೆ ಮೂರ್ತಿಯೂ ಇಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಕನ್ನಡಿ ಮಾತ್ರ. ಎಂಬತ್ತು ದಾಟಿದ ಹೆನ್ರಿ ಬೇಸ್‌ಬಾಲ್ ಟೋಪಿ ತೆಗೆದು ನಮಗೆ ಬಾಗಿದರು. ಕಲ್ಲಿನ ತೊಟ್ಟಿಯ ಹತ್ತಿರ ಕರೆದೊಯ್ದು ಮರದ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ ತೊಳೆಯುವುದನ್ನು ತೋರಿಸಿದರು, ಕೊನೆಗೆ ಸೌಟಿನ ಹಿಡಿಯನ್ನೂ ತೊಳೆಯಬೇಕು. ಅಕ್ಕ ಅದನ್ನು ಬಹಳ ಮನಸ್ಸಿಟ್ಟು ನೋಡಿದಳು. ಆಚಮನದ ಹಾಗೇ ಇದೆಯಲ್ಲೋ ಅಂತ ನನ್ನ ಕಿವಿಯಲ್ಲಿ ಅಂದು, ಒಂದು ಹನಿ ಆಚೀಚೆ ಆಗದಂತೆ ಅವರಿಗಿಂತ ಚೆನ್ನಾಗಿ ಮಾಡಿದಳು. ಆಮೇಲೆ ದ್ವಾರದ ಈಚೆಯೇ ನಿಂತುಬಿಟ್ಟಳು.

ಹೆನ್ರಿ ಬಲವಂತ ಮಾಡಲಿಲ್ಲ. ಅವರೂ ಈಚೆ ಬಂದು ಅವಳ ಪಕ್ಕ ನಿಂತರು. ಅವರ ಪದ್ಧತಿಯಲ್ಲೂ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು ಐವತ್ತು ದಿನ ಈ ದ್ವಾರದ ಕೆಳಗೆ ಹಾಯುವುದಿಲ್ಲವಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಸರ್ಕಾರ ಜಪಾನಿ ಮೂಲದವರನ್ನೆಲ್ಲ ಮರುಭೂಮಿಯ ಶಿಬಿರಗಳಿಗೆ ಸಾಗಿಸಿದಾಗ ಅವರ ಅಜ್ಜಿಯೂ ಹೋಗಬೇಕಾಯಿತು, ಅವರ ಮನೆಯ ಒಂದು ಕೂಸು ಅಲ್ಲಿ ತೀರಿಕೊಂಡಿತು. ಕನ್ನಡಿಯನ್ನು ತೋಟದ ಮೆಕ್ಸಿಕನ್ ಮೇಸ್ತ್ರಿ ತನ್ನ ಮನೆಯಲ್ಲಿ ಹಾಸಿಗೆಯ ಕೆಳಗೆ ಕಾಪಾಡಿದ್ದ. ಮೂರು ವರ್ಷದ ಮೇಲೆ ತಿರುಗಿ ಬಂದಾಗ ಗುಡಿಯಲ್ಲಿ ಯಾರೋ ಕೋಳಿ ಸಾಕಿದ್ದರು. ಎಲ್ಲರೂ ಒಳಗೆ ಹೋಗಿ ಗುಡಿಸಲು ಶುರು ಮಾಡಿದರು, ಅಜ್ಜಿ ಮಾತ್ರ ಹೋಗಲಿಲ್ಲ. ಶಿಬಿರದಲ್ಲಿ ದ್ವಾರ ಇರಲಿಲ್ಲವಲ್ಲ, ತನ್ನ ಐವತ್ತು ದಿನ ಇನ್ನೂ ಬಾಕಿ ಇದೆ ಅಂದಳಂತೆ. ದಿನಾ ಬೆಳಿಗ್ಗೆ ಇದೇ ಜಾಗದಲ್ಲಿ ನಿಂತು ಹೋಗುತ್ತಿದ್ದಳು. ಐವತ್ತೊಂದನೇ ದಿನ ಒಳಗೆ ಬಂದು ಪೊರಕೆ ಹಿಡಿದಳು. ನಾನು ಇದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಕ್ಕ ಕೇಳಿದಳು:

"ಆಮೇಲೆ ಬಂದ್ರಂತಾ ಒಳಗೆ?"

"ಬಂದ್ರಂತೆ."

"ಪುಣ್ಯವಂತರು. ಅವರ ಮಗು ತಾನಾಗಿ ಹೋಗಿತ್ತು. ನಾನು ಕೈಯಾರೆ ಸಾಯಿಸಿದವಳು, ನಂಗೆ ಯಾವ ಐವತ್ತೊಂದನೇ ದಿನ. ದೀಪಾನೂ ಆರಿಸ್ದೆ, ಮಗೂನೂ ಮುಟ್ಟಿದೆ. ಇಷ್ಟು ಹತ್ರ ನಿಲ್ಲಿಸ್ಕೊಂಡಿದಾರಲ್ಲ, ಅದೇ ದೊಡ್ಡದು ಅಂತ ಹೇಳು ಅವ್ರಿಗೆ."

ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಅಳುತ್ತಿರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ದನಿಯಲ್ಲಿ ಹೇಳಿದ್ದಳು. ಹೆನ್ರಿ ನನ್ನ ಮುಖ ನೋಡುತ್ತಿದ್ದರು, ಆಕೆ ಏನಂದರು ಅಂತ ಕೇಳಿದರು. ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಅಂತಿದ್ದಾಳೆ, ಅಂದೆ ನಾನು. ಅಲ್ಲಿ ಇದ್ದದ್ದು ಒಂದೇ ಮೆಟ್ಟಿಲು. ಹೆನ್ರಿ ಪಾಪ, ಗುಡಿಯ ಒಳಗಿನಿಂದ ಒಂದು ಕುರ್ಚಿ ತಂದು ದ್ವಾರದ ಹೊರಗೆ ಹಾಕಿದರು. ಅಕ್ಕ ಅದರಲ್ಲಿ ಕೂತು ಅವರಿಗೆ ಕೈ ಮುಗಿದಳು, ತನ್ನ ಮಾತನ್ನು ನಾನು ತಲುಪಿಸಿದೆ, ಅವರು ಅರ್ಥ ಮಾಡಿಕೊಂಡು ಹೊರಗೇ ಜಾಗ ಕೊಟ್ಟರು ಅಂತ ತಿಳಿದು. ನಾವು ಮೂವರು ಒಳಗೆ ಹೋಗಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದೆವು. ನಾನೂ ತಟ್ಟಿದೆ.

ಮಾಯಾ ನಮ್ಮ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಅನ್ನುವುದು ನಮಗೆ ಆಗಾಗ ಮರೆತುಹೋಗುತ್ತದೆ. ಮನೆಗೆ ಬಂದು ಅಕ್ಕ ಒಳಗೆ ಹೋದ ಮೇಲೆ ಅವಳು ಡ್ರೈವ್‌ವೇಯಲ್ಲಿ ನನ್ನನ್ನು ತಡೆದಳು. ಮಂಡಿನೋವು ಅಂತ ಯಾಕೆ ಹೇಳಿದಿರಿ ಅಂದಳು. ಹಳೆಯ ಕಾಲದ ಮೂಢನಂಬಿಕೆ, ಹೊರಗಿನವರಿಗೆ ಯಾಕೆ ಅಂದೆ. ಅವಳು ಬಿಡಲಿಲ್ಲ. ದೀಪ ಆರಿದ್ದಕ್ಕೆ ಮಕ್ಕಳು ಸಾಯುವುದಿಲ್ಲ ಅಂತ ನಿಮಗೆ ಗೊತ್ತು, ಇಷ್ಟು ವರ್ಷದಲ್ಲಿ ಒಂದು ಸಲವೂ ಸಾವಿತ್ರಿ ಅಜ್ಜಿಗೆ ಅದನ್ನು ಹೇಳಲಿಲ್ಲವಾ, ನೀವು ಅಲ್ಲೇ ಇದ್ದಿರಲ್ಲ ಅಂದಳು. ನೀವು ಅಲ್ಲೇ ಇದ್ದಿರಲ್ಲ ಅನ್ನುವುದನ್ನು ಅವಳು ಆಪಾದನೆ ಅಂತ ಹೇಳಿರಲಿಲ್ಲ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಅಂದು ಒಳಗೆ ಹೋದಳು. ನಾನು ಗರಾಜಿನ ಪಕ್ಕದಿಂದ ಸುತ್ತಿಕೊಂಡು ಮನೆಯ ಹಿಂದಿನ ಅಂಗಳದ ಪ್ಯಾಟಿಯೋಗೆ ಹೋದೆ. ಅಕ್ಕ ಬಿಸಿಲಿಗೆ ಬೆನ್ನು ಕೊಟ್ಟು, ನೆನೆಹಾಕಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದೊಂದೇ ಕಾಳನ್ನು ಸಿಪ್ಪೆಯಿಂದ ಹಿತುಕುತ್ತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ.

"ಅಕ್ಕ, ಆವತ್ತು ದೀಪ ಬೀಳಿಸಿದ್ದು ನಾನು."

"ಯಾವ ದೀಪ?" ಅಂದಳು. ಕತ್ತೆತ್ತಲಿಲ್ಲ, ಆದರೆ ಬೆರಳು ನಿಂತಿತ್ತು.

ನಾನು ಎಲ್ಲ ಹೇಳಿದೆ. ದ್ರಾಕ್ಷಿಯ ಡಬ್ಬಿ, ಗೋಡೆಗೆ ಸರಿದದ್ದು, ಅವಳು ಹೊರಟುಹೋದ ಮೇಲೆ ಮೊಣಕೈ ತಗುಲಿದ್ದು, ಅಜ್ಜಿ ಕಿವಿ ಹಿಡಿದದ್ದು. ಅವಳು ಮಗುವನ್ನು ಎತ್ತಿಕೊಂಡು ಆಡಿದ ಮಾತನ್ನು ಅವಳಿಗೇ ಹೇಳಿದೆ.

"ನೀನು ಕಂಬದ ಹತ್ರ ಮಲಗಿದ್ದೆ. ಅಲ್ಲಿಗೂ ಕೇಳಿಸಿರತ್ತೆ."

"ಮಲಗಿರಲಿಲ್ಲ ಅಕ್ಕ. ದೇವರ ಕೋಣೇಲಿದ್ದೆ."

"ಹಾಗಾದ್ರೆ ಪಾಪು ಯಾಕೆ ಹೋಯ್ತು?"

"ನೀನು ಮುಟ್ಟೋಕೆ ಮುಂಚೇನೇ ಜ್ವರ ಇತ್ತು. ಅದರ ಮೇಲೆ ತಣ್ಣೀರು ಹಾಕಿದ್ರು."

"ತಣ್ಣೀರು ಹಾಕಿದ್ದು ನಾನು ಮುಟ್ಟಿದ್ದಕ್ಕೆ ತಾನೆ."

"ನಾನು ಹೇಳಿದ್ದಕ್ಕೆ. ನಾನು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಹಾಗಾದ್ರೆ ನಾನು ಇಷ್ಟು ವರ್ಷ," ಅಂದಳು, ಮುಂದೆ ಹೇಳಲಿಲ್ಲ. ಅವಳ ಬಾಯಿ ತೆರೆದೇ ಇತ್ತು. ಎಂಬತ್ತು ದಾಟಿದ ಆ ಮುಖದಲ್ಲಿ ಆಗ ಕಂಡದ್ದು ಸಿಟ್ಟಲ್ಲ, ಭಯ. ಹತ್ತಿದ ಏಣಿಯ ಮೆಟ್ಟಿಲು ಕಾಲಡಿಯಲ್ಲಿ ಮುರಿದವರ ಭಯ. ಅವಳ ಮದುವೆ, ಮಕ್ಕಳು, ಹಾಡು, ನಗು ಎಲ್ಲ ಅದರ ಕೆಳಗೆ ಬಿದ್ದಿದ್ದವು. ಅವಳು ನಿಧಾನವಾಗಿ ಬಾಯಿ ಮುಚ್ಚಿದಳು, ಒಂದು ಕಾಳು ತೆಗೆದುಕೊಂಡು ಹಿತುಕಿದಳು, ಇನ್ನೊಂದು ಹಿತುಕಿದಳು. ಮತ್ತೆ ನನ್ನನ್ನು ನೋಡಿದಾಗ ಕಣ್ಣು ತುಂಬಿತ್ತು.

"ನೀನು ಚಿಕ್ಕಂದಿನಿಂದ್ಲೂ ಹೀಗೇ ಕಣೋ ನಾಣಿ. ನನ್ನ ಸಂಕಟ ನೋಡಕ್ಕಾಗಲ್ಲ ನಿಂಗೆ. ಆವತ್ತಿಂದ ಇವತ್ತಿನವರೆಗೆ ಒಬ್ಬರ ಹತ್ರ ಬಾಯಿ ಬಿಡದೆ ನನ್ನ ಮಾನ ಕಾದೆ. ಈಗ ನನ್ನ ಪಾಪಾನೂ ನಿನ್ನ ತಲೆಗೆ ಕಟ್ಕೊಳಕ್ಕೆ ಬಂದಿದೀಯ. ಬೇಡಪ್ಪ."

ಒಬ್ಬರ ಹತ್ರ ಬಾಯಿ ಬಿಡದೆ. ಗೌರಿಬಿದನೂರಿನವರ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದೊಂದನ್ನು ಹೇಳಿದ್ದರೆ ಅವಳು ಎಲ್ಲವನ್ನೂ ನಂಬುತ್ತಿದ್ದಳು. ಜಗಲಿ, ಆ ಹುಡುಗ, ಅವನ ಕಿವಿ, ಒಂದೇ ವಾಕ್ಯ ಸಾಕಿತ್ತು. ನನ್ನ ಅಕ್ಕ ಹೊರಗಿನಿಂದ ಒಳಗೆ ಬರಬೇಕಾದರೆ ಇದ್ದ ದಾರಿ ಅದೊಂದೇ, ಅದು ನನ್ನ ಬಾಯಲ್ಲಿತ್ತು. ಆದರೆ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಸಿಪ್ಪೆ ಮೆತ್ತಿದ ಒದ್ದೆ ಕೈ. ಈ ದೇಶದಲ್ಲಿ ಅವಳ ಹಾಗೆ ನನ್ನನ್ನು ಒಳ್ಳೆಯವನೆಂದು ತಿಳಿದವರು ಇನ್ನಾರೂ ಇಲ್ಲ. ನಾನು ಆ ವಾಕ್ಯವನ್ನು ನುಂಗಿದೆ. ಅಲ್ಲಿಯವರೆಗಿನದನ್ನು ಮಾಡಿದ್ದು ಎಂಟು, ಹನ್ನೆರಡು ವರ್ಷದ ಹುಡುಗ ಅನ್ನಬಹುದು. ಅದನ್ನು ನುಂಗಿದವನಿಗೆ ಎಪ್ಪತ್ತೈದು ದಾಟಿತ್ತು.

ಸಂಜೆ ಹಿತುಕಿದ ಬೇಳೆಯ ಹುಳಿಯಾಯಿತು. ಊಟಕ್ಕೆ ಕೂತಾಗ ಅಕ್ಕ ಸುಧಾಗೆ ಎಲ್ಲವನ್ನೂ ತಾನೇ ಹೇಳಿದಳು. ಮಗಳಿಗೆ ಅತ್ತೆ ದೇವಸ್ಥಾನದ ಹೊರಗೆ ಕೂರುವುದು ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ತನ್ನ ತಪ್ಪು, ಮಗುವಿನ ಸಾವು, ನನ್ನ ಮೌನ, ಇವತ್ತು ನಾನು ಬಂದು ಅದು ನನ್ನದೇ ತಪ್ಪು ಅಂತ ಸುಳ್ಳು ಹೇಳಿದ್ದು, ಎಲ್ಲ ಹೇಳಿದಳು. ಹೆಮ್ಮೆಯಿಂದ ಹೇಳಿದಳು, ನನ್ನ ಬಗ್ಗೆ. ಮಾಯಾ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಸುಧಾ ನನ್ನ ವಿಷಯದಲ್ಲಿ ಅಷ್ಟು ಸುಲಭಕ್ಕೆ ಕರಗುವವಳಲ್ಲ. ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೇಳಿದಳು.

"ಅಪ್ಪ, ನಿಜ ಹೇಳಿ. ಅತ್ತೆ ಸಮಾಧಾನಕ್ಕೆ ಹಾಗೆ ಹೇಳಿದ್ರಾ, ಇಲ್ಲ ನಿಜವಾಗ್ಲೂ ನೀವೇನಾ?"

ಅಕ್ಕ ಸೌಟು ಹಿಡಿದು ನಿಂತಿದ್ದಳು.

"ಸಮಾಧಾನಕ್ಕೆ," ಅಂದೆ.

ನೋಡಿದೆಯಾ ಅನ್ನುವ ಹಾಗೆ ಅಕ್ಕ ಸುಧಾ ಕಡೆ ತಲೆಯಾಡಿಸಿ, ನನಗೆ ಇನ್ನೊಂದು ಸೌಟು ಹುಳಿ ಬಡಿಸಿದಳು. ತುಪ್ಪ ಹಾಕಲೇನೋ ಅಂತ ಕೇಳಿದಳು.